ಫಿಯರ್ 1 (F.E.A.R., ಹೆದರಿಸೋ ಶೂಟಿಂಗ್ ವಿಡಿಯೋ ಗೇಮ್) ಮುಗಿಸಿದ್ದೀನಿ. ಎರಡನೇ ಭಾಗ ಆಡಬಹುದಾ? ಕಲಬುರಗಿಯಲ್ಲಿ ಹಳೇ ಲ್ಯಾಪ್‌ಟಾಪ್ ಇದೆ.

ಆಡ್ರಿ. ಆದ್ರ ಮೊದಲ ಭಾಗದಷ್ಟು ಅಂಜಿಕಿ ಬರ್ತದ ಅಂತ ತಿಳ್ಕೋಬ್ಯಾಡ್ರಿ. 2009ರ 'ಫಿಯರ್ 2: ಪ್ರಾಜೆಕ್ಟ್ ಒರಿಜಿನ್'ನಾಗ ಗುಂಡಿನ ಕಾಳಗನೇ ಗಟ್ಟಿ. ಸಮಯ ನಿಧಾನ ಮಾಡೋ ಶಕ್ತಿ ಹಂಗೇ ಉಳದದ, ಮೂರರ ಬದ್ಲಿ ನಾಲ್ಕು ಬಂದೂಕು ಹೊರಬಹುದು, ಟೇಬಲ್ ಉರುಳಿಸಿ ಮರೆಗೆ ಕೂಡಬಹುದು. ಖರೇನ ಮೈ ನಡುಗೋದು ವೇಡ್ ಎಲಿಮೆಂಟರಿ ಶಾಲೆಯೊಳಗ: ಖಾಲಿ ಕಾರಿಡಾರು, ಮಿಣುಕೋ ಟಾರ್ಚು, ಹೆಣಗಳನ್ನ ಎಬ್ಬಿಸಿ ಮ್ಯಾಲೆ ಬಿಡೋ ವೈರಿ. ಇಲ್ಲಿ ಹೆಡ್‌ಫೋನ್ ಬೇಕೇ ಬೇಕು.

ಕೊರತೆ ಏನಂದ್ರ, ಗ್ವಾಡಿ ಮೂಲಿಯಿಂದ ಓರೆಯಾಗಿ ಇಣುಕೋದು ತಗದುಬಿಟ್ಟಾರ. ನೋಡ್ಬೇಕಂದ್ರ ಪೂರ್ತಿ ಮೈ ಹೊರಗ ಹಾಕ್ಬೇಕು. ದೊಡ್ಡ ರೋಬೊ ಕವಚದಾಗ ಕುಂತು ಹೊಡಿಯೋ ಭಾಗ ಮಜಾ ಕೊಡ್ತದ, ಆದ್ರ ಅಲ್ಲಿ ಹೆದರಿಕಿ ಪೂರಾ ಸತ್ತುಹೋಗ್ತದ.

ಇನ್ನೊಂದು: ಮೊದಲ ಭಾಗದಂಗ ಬೇಕಾದಲ್ಲಿ ಸೇವ್ ಮಾಡಾಕ ಬರಲ್ಲ, ಬರೇ ಚೆಕ್‌ಪಾಯಿಂಟ್, ಅಂದ್ರ ಆಟ ತಾನೇ ಸೇವ್ ಮಾಡ್ಕೊಳ್ಳೋ ಜಾಗ. ಕರೆಂಟ್ ಹೋಗಿ ಬ್ಯಾಟರಿ ಕೈಕೊಟ್ರ ಹಿಂದಿನ ಚೆಕ್‌ಪಾಯಿಂಟ್‌ನಿಂದನೇ ಮತ್ತ ಶುರು. ನಮ್ಮ ಮೇ ತಿಂಗಳ ಬಿಸಲಾಗ ಹಳೇ ಲ್ಯಾಪ್‌ಟಾಪ್ ಕಾದು ಪ್ರೊಸೆಸರ್ ವೇಗ ಇಳಿತದ, ಆಟ ತಡವರಿಸ್ತದ. ಫ್ಯಾನಿನ ಧೂಳ ತಗೀರಿ, ಆಟದ ಸೆಟ್ಟಿಂಗ್ಸ್‌ನಾಗ ಮೊದಲು ನೆರಳಿನ (ಶ್ಯಾಡೋ) ಗುಣಮಟ್ಟ ಇಳಸ್ರಿ, ಆಮ್ಯಾಲೆ ರೆಸಲ್ಯೂಶನ್.