ಕೇಳಿ, ಹೇಳ್ತೀನಿ: ಮುದಿ ಬಳ್ಳಿ ವೈನ್ ಅಂದ್ರೆ ಹಳೇ ವೈನ್ ಅಲ್ಲ ಕಣ್ರೀ

ಹೋದ ತಿಂಗಳು ವೈನ್ ಬಗ್ಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದೆ ಅಷ್ಟೇ, ಈ ಸಲ ಬಂದಿರೋ ಪ್ರಶ್ನೆ ಎಲ್ಲಾ ಅದೇ. ಮೆಣಸಿನ ರೇಟು, ಆನೆ ಕಾಟ ಎಲ್ಲಾ ಮುಂದಿನ ತಿಂಗಳಿಗೆ ಇಟ್ಕೊಂಡಿದೀನಿ, ಬೇಜಾರಾಗ್ಬೇಡಿ.

ಪ್ರ: ಸರ್, ಸ್ಪೇನ್‌ಗೆ ಓದಕ್ಕೆ ಹೋಗಿದ್ದ ನಮ್ಮಕ್ಕನ ಮಗ ಬರ್ತಾ ಒಂದು ರೆಡ್ ವೈನ್ ಬಾಟ್ಲಿ ತಂದ. ಲೇಬಲ್ ಮೇಲೆ ‘ವಿನ್ಯಾಸ್ ವಿಯೇಹಾಸ್’ ಅಂತಿದೆ, ಹಂಗಂದ್ರೆ ಹಳೇ ಬಳ್ಳಿ ಅಂತೆ. ಆದ್ರೆ ಇಸವಿ ನೋಡಿದ್ರೆ 2021. ಇದು ಹಳೇದು ಹೆಂಗಾಯ್ತು? ಮಗಳ ಮದುವೆ ಹೊತ್ತಿಗೆ ಇನ್ನೂ ಚೆನ್ನಾಗಾಗ್ಲಿ ಅಂತ ಅಟ್ಟದ ಮೇಲೆ ಇಟ್ಟಿದೀನಿ. ಅವಳಿನ್ನೂ ಪಿಯುಸಿ. (ಓದುಗರು, ಮೂಡಿಗೆರೆ)

ಉ: ಮೊದ್ಲು ಅಟ್ಟದಿಂದ ಇಳಿಸಿ ಸ್ವಾಮಿ, ಆಮೇಲೆ ಮುಂದೆ ಓದಿ! ಹೆಂಚಿನ ಕೆಳಗೆ ಏಪ್ರಿಲ್ ತಿಂಗಳ ಕಾವು ಹೆಂಗಿರುತ್ತೆ ಅಂತ ನಿಮಗೇ ಗೊತ್ತು, ವೈನಿಗೆ ಕಾವಿನಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಕೆಳಗಿನ ಕತ್ತಲೆ ಕೋಣೇಲಿ, ಕಾರ್ಕ್ ಒದ್ದೆಯಾಗಿರೋ ಹಂಗೆ ಅಡ್ಡ ಮಲಗಿಸಿ ಇಡಿ.

ಇನ್ನು ನಿಮ್ಮ ಪ್ರಶ್ನೆ. ವಿನ್ಯಾಸ್ ಅಂದ್ರೆ ಅವರ ಭಾಷೇಲಿ ದ್ರಾಕ್ಷಿ ತೋಟ, ನಮ್ಮ ‘ವಿನ್ಯಾಸ’ಕ್ಕೂ ಅದಕ್ಕೂ ಸಂಬಂಧ ಇಲ್ಲ. ವಿಯೇಹಾಸ್ ಅಂದ್ರೆ ಹಳೇದು. ವಯಸ್ಸಾಗಿರೋದು ಬಳ್ಳಿಗೆ, ವೈನಿಗಲ್ಲ. ನೂರು ವರ್ಷದ ಬಳ್ಳೀಲಿ 2021ರಲ್ಲಿ ಬಿಟ್ಟ ಹಣ್ಣನ್ನ ಹಿಂಡಿದ್ರೆ ಅದು 2021ರ ವೈನೇ ತಾನೆ, ನಿಮ್ಮಜ್ಜ ನೆಟ್ಟ ಹಲಸಿನ ಮರದಲ್ಲಿ ಈ ವರ್ಷ ಬಿಟ್ಟ ಹಣ್ಣು ಈ ವರ್ಷದ್ದೇ ಆದ ಹಂಗೆ. ವೈನಿನ ವಯಸ್ಸು ನೋಡ್ಬೇಕಂದ್ರೆ ಬೇರೆ ಪದ ಇದಾವೆ. ಸ್ಪೇನಿನ ಕಾನೂನು ಪ್ರಕಾರ ರೆಡ್ ವೈನಿಗೆ ಕ್ರಿಯಾನ್ಸಾ ಅಂತ ಹಾಕ್ಬೇಕಾದ್ರೆ ಕನಿಷ್ಠ 2 ವರ್ಷ ಇಟ್ಟಿರ್ಬೇಕು, ಅದ್ರಲ್ಲಿ 6 ತಿಂಗಳು ಓಕ್ ಪೀಪಾಯಿಯಲ್ಲಿ. ರಿಸರ್ವಾ ಅಂದ್ರೆ 3 ವರ್ಷ, ಗ್ರಾನ್ ರಿಸರ್ವಾ ಅಂದ್ರೆ 5 ವರ್ಷ. ರಿಯೋಹಾ ಅನ್ನೋ ವೈನ್ ಸೀಮೆಯಂಥ ಕಡೆ ಕ್ರಿಯಾನ್ಸಾಗೂ ಪೀಪಾಯಿಯಲ್ಲಿ ಒಂದು ವರ್ಷ ಇಡ್ಲೇಬೇಕು. ನಿಮ್ಮ ಬಾಟ್ಲಿ ಹಿಂದೆ ಇದ್ಯಾವ ಪದಾನೂ ಇಲ್ದೆ ಬರೀ ಗರ್ನಾಚಾ ಅಂತ ದ್ರಾಕ್ಷಿ ಹೆಸರಷ್ಟೇ ಇದ್ರೆ ಮದುವೆವರೆಗೂ ಕಾಯ್ಬೇಡಿ, ಈ ಯುಗಾದಿಗೇ ತೆಗೀರಿ, ಅಕ್ಕನ ಮಗಂಗೂ ಒಂದು ಗ್ಲಾಸ್ ಕೊಡಿ.

ಪ್ರ: ಅಣ್ಣಾ, ನಮ್ಮ ತೋಟದಲ್ಲಿ ತಾತನ ಕಾಲದ ಅರೇಬಿಕಾ ಗಿಡಗಳಿದಾವೆ, ಫಸಲು ಕಮ್ಮಿ, ಕಾಂಡ ಕೊರೆಯೋ ಬೋರರ್ ಹುಳದ ಕಾಟ ಬೇರೆ, ಮಗ ದಿನಾ ‘ಕೀಳ್ಸಪ್ಪ’ ಅಂತಾನೆ. ನಮ್ಮಲ್ಲಿ ಮುದಿ ಗಿಡ ಅಂದ್ರೆ ನಷ್ಟ, ಆ ಸ್ಪೇನಿನೋರಿಗೆ ಮಾತ್ರ ಅದೇ ಹೆಂಗೆ ಹೆಚ್ಚುಗಾರಿಕೆ? (ಕಾಫಿ ಬೆಳೆಗಾರರು, ಸಕಲೇಶಪುರ)

ಉ: ಈ ಪ್ರಶ್ನೆ ಓದಿ ಎದ್ದು ಒಂದು ಲೋಟ ಕಾಫಿ ಕುಡ್ಕೊಂಡು ಬಂದೆ, ಯಾಕಂದ್ರೆ ಇದಕ್ಕೆ ಎರಡು ಸಾಲಲ್ಲಿ ಉತ್ತರ ಆಗಲ್ಲ.

ನಷ್ಟ ಅವರಿಗೂ ಇತ್ತು ಅಣ್ಣಾ. ದ್ರಾಕ್ಷಿ ಬಳ್ಳಿ ಇಪ್ಪತ್ತು ಮೂವತ್ತು ವರ್ಷ ಚೆನ್ನಾಗಿ ಕೊಟ್ಟು ಆಮೇಲೆ ಇಳುವರಿ ಇಳಿಸ್ತಾ ಹೋಗುತ್ತೆ, ಗೊಂಚಲು ಕಮ್ಮಿ, ಎಷ್ಟೋ ಸಲ ಹಣ್ಣೂ ಸಣ್ಣದು. ಹಣ್ಣು ಸಣ್ಣದಾದ್ರೆ ರಸಕ್ಕಿಂತ ಸಿಪ್ಪೆ ಪಾಲು ಜಾಸ್ತಿ, ರೆಡ್ ವೈನಿನ ಬಣ್ಣ, ಒಗರು ಎಲ್ಲಾ ಸಿಪ್ಪೇಲೇ ಇರೋದು, ಹಂಗಾಗಿ ವೈನ್ ಗಟ್ಟಿಯಾಗುತ್ತೆ. ಜೊತೆಗೆ ಬೇರು ಆಳಕ್ಕೆ ಇಳ್ದಿರುತ್ತೆ, ಮಳೆ ಕೈಕೊಟ್ಟ ವರ್ಷ ಎಳೇ ಬಳ್ಳಿ ಒಣಗಿ ನಿಂತಾಗ ಇದು ಹೆಂಗೋ ತಡ್ಕೊಳುತ್ತೆ. ನಮ್ಮ ಕಡೆ ಹೂಮಳೆ ತಪ್ಪಿದ್ರೂ ಹಳೇ ಗಿಡ ಒಂದಿಷ್ಟು ಕಾಯಿ ಕೊಡುತ್ತೆ ಅಂತ ಹಿರಿಯರು ಹೇಳ್ತಾರಲ್ಲ, ಹಂಗೇ ಅಂದ್ಕೊಳಿ.

ಈ ಬಳ್ಳಿಗಳು ಉಳ್ಕೊಂಡಿದ್ದೇ ಒಂದು ಕತೆ. 1860ರ ದಶಕದಲ್ಲಿ ಅಮೆರಿಕದಿಂದ ಫಿಲಾಕ್ಸೆರಾ ಅನ್ನೋ ಹೇನಿನಂಥ ಸಣ್ಣ ಹುಳ ಫ್ರಾನ್ಸಿಗೆ ಬಂತು, ಬೇರಿನ ರಸ ಹೀರಿ ತೋಟಕ್ಕೆ ತೋಟಾನೇ ಒಣಗಿಸ್ತು. ಅದೇ ದಶಕದಲ್ಲೇ, 1869ರಲ್ಲಿ, ಸಿಲೋನಿನ ಕಾಫಿಗೆ ಎಲೆ ತುಕ್ಕು ರೋಗ ಬಿದ್ದಿದ್ದು, ಆಮೇಲೆ ಅದು ನಮ್ಮ ಚಿಕ್ಕಮಗಳೂರು ಸೀಮೆನೂ ಬಿಡ್ಲಿಲ್ಲ. ನಾವು ತಳಿ ಬದಲಾಯಿಸ್ತಾ ಹೋದ್ವಿ, ಕೊನೆಗೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಎಸ್.795 ಅನ್ನೋ ತಳಿ ಬಂತು. ಯುರೋಪಿನ ದ್ರಾಕ್ಷಿಯೋರು ತಳಿ ಬಿಡ್ಲಿಲ್ಲ, ಬೇರು ಬದಲಾಯಿಸಿದ್ರು. ಹುಳಕ್ಕೆ ಬಗ್ಗದ ಅಮೆರಿಕದ ಬಳ್ಳಿ ಬುಡಕ್ಕೆ ತಮ್ಮ ಬಳ್ಳಿ ಕಸಿ ಕಟ್ಟಿದ್ರು, ಯುರೋಪಿನ ಹೆಚ್ಚಿನ ಬಳ್ಳಿಗಳು ಇವತ್ತಿಗೂ ಹಂಗೇ ನಿಂತಿರೋದು. ಆದ್ರೆ ಮರಳು ಮಣ್ಣಲ್ಲಿ ಆ ಹುಳದ ಆಟ ನಡೆಯಲ್ಲ. ಅದಕ್ಕೇ ಸ್ಪೇನಿನ ತೋರೊ ಅನ್ನೋ ಕಡೆ, ಹುಮಿಯಾ ಅನ್ನೋ ಕಡೆ ಕಸಿ ಇಲ್ದೆ ಸ್ವಂತ ಬೇರಿನ ಮೇಲೇ ನಿಂತಿರೋ ಮುದಿ ಬಳ್ಳಿಗಳು ಈಗಲೂ ಸಿಗ್ತಾವೆ.

ಹುಳದಿಂದ ಉಳಿದಿದ್ದನ್ನ ಮನುಷ್ಯ ಕಿತ್ತ. 1980ರ ಈಚೆಗೆ ಹಳೇ ಗರ್ನಾಚಾಗೆ ರೇಟಿಲ್ಲ ಅಂತ ಎಷ್ಟೋ ಜನ ಕಿತ್ತು ಟೆಂಪ್ರನಿಯೊ ಅನ್ನೋ ಬೇರೆ ದ್ರಾಕ್ಷಿ ಹಾಕಿದ್ರು, ಬಳ್ಳಿ ಕೀಳೋದಕ್ಕೆ ಯುರೋಪಿನ ಸರ್ಕಾರದ ಸಬ್ಸಿಡೀನೂ ಸಿಕ್ತು. ಯಂತ್ರ ಹೋಗದ ಕಡಿದಾದ ಗುಡ್ಡದಲ್ಲಿ, ಕೀಳ್ಸಕ್ಕೂ ಕೈಲಿ ಕಾಸಿಲ್ದೋರ ಹೊಲದಲ್ಲಿ, ಪೇಟೆ ಸೇರಿದ ಮಕ್ಕಳು ತಿರುಗಿ ನೋಡದ ಜಾಗದಲ್ಲಿ ಮಾತ್ರ ಉಳ್ಕೊಂಡ್ವು. ಬಾರ್ಸಿಲೋನಾದಿಂದ ಆಚೆ ಪ್ರಿಯೊರಾತ್ ಅಂತ ಒಂದು ಸೀಮೆ ಇದೆ, ಸ್ಲೇಟಿನ ಥರದ ಕಪ್ಪು ಕಲ್ಲಿನ ಗುಡ್ಡ, ಊರಲ್ಲಿ ಜನಾನೇ ಇರ್ಲಿಲ್ಲ. 1989ರ ಸುಮಾರಿಗೆ ರೆನೆ ಬಾರ್ಬಿಯೆ, ಆಲ್ವಾರೊ ಪಲಾಸಿಯೋಸ್ ಅಂತ ಕೆಲವರು ಸೇರ್ಕೊಂಡು ಅಲ್ಲೇ ವೈನ್ ಮಾಡಿದ್ರು, ಈಗ ಪ್ರಿಯೊರಾತ್ ಅಂದ್ರೆ ಸ್ಪೇನಿನ ದುಬಾರಿ ವೈನ್‌ಗಳಲ್ಲಿ ಒಂದು. ಕಿತ್ತೋರು ಆಮೇಲೆ ಏನಂದ್ಕೊಂಡ್ರೋ!

ಇಷ್ಟು ಹೇಳ್ದೆ ಅಂತ ‘ನೋಡು, ಪತ್ರಿಕೇಲೇ ಬಂದಿದೆ’ ಅಂತ ಮಗನ ಮುಂದೆ ಹಿಡೀಬೇಡಿ. ಅವರ ಮುದಿ ಬಳ್ಳಿಗೆ ಲೇಬಲ್ ಮೇಲೆ ಹೆಸರು ಇದೆ, ಬಾಟ್ಲಿಗೆ ರೇಟ್ ಸಿಗುತ್ತೆ. ನಿಮ್ಮ ತಾತನ ಗಿಡದ ಕಾಫಿ ಕ್ಯೂರಿಂಗ್‌ಗೆ ಹೋಗಿ ಎಲ್ಲರ ಕಾಫಿ ಜೊತೆ ಬೆರೆತು ಹೋಗುತ್ತೆ, ಮೂಟೆಗೆ ಅದೇ ರೇಟು. ಬೋರರ್ ಹೊಕ್ಕ ಗಿಡ ಕೀಳ್ಲೇಬೇಕು, ಅದ್ರಲ್ಲಿ ಮಾತಿಲ್ಲ. ಗಟ್ಟಿ ಇರೋ ಒಂದೆರಡು ಎಕರೆ ಬಿಟ್ಕೊಂಡು, ಹಣ್ಣು ಬೇರೆ ಕೊಯ್ಸಿ ಬೇರೆ ಒಣಗಿಸಿ ನೇರವಾಗಿ ಕೊಳ್ಳೋರು ಸಿಗ್ತಾರಾ ನೋಡಿ. ಸಿಕ್ಕಿದ್ರೆ ಅಪ್ಪ ಗೆದ್ದಂಗೆ, ಸಿಗ್ದೇ ಇದ್ರೆ ಮಗ.

ಪ್ರ: ಹಂಗಾದ್ರೆ ಇಂಗ್ಲಿಷಲ್ಲಿ ಓಲ್ಡ್ ವೈನ್ಸ್ (Old Vines, ಹಳೇ ಬಳ್ಳಿ) ಅಂತ ಬರೆದಿದ್ರೆ ಕಣ್ಮುಚ್ಚಿ ತಗೋಬಹುದಾ? (ಓದುಗರು, ಹಾಸನ)

ಉ: ಬೇಡ. ಎಷ್ಟು ವರ್ಷ ಆದ್ರೆ ಹಳೇದು ಅಂತ ಸ್ಪೇನ್ ದೇಶಕ್ಕೆಲ್ಲಾ ಒಂದೇ ಕಾನೂನು ಅಂತ ಇಲ್ಲ. ವೈನಿನ ಅಂತರರಾಷ್ಟ್ರೀಯ ಸಂಸ್ಥೆ ಒಐವಿ 2024ರಲ್ಲಿ 35 ವರ್ಷ ದಾಟಿ ಅದಕ್ಕೆ ದಾಖಲೆ ಇದ್ರೆ ಹಳೇ ಬಳ್ಳಿ ಅಂತ ಹೇಳಿದೆ, ಆದ್ರೆ ಅದು ಶಿಫಾರಸು ಅಷ್ಟೇ. ನಾನೇ ಒಂದ್ಸಲ ಬೆಂಗಳೂರಿನ ಅಂಗಡೀಲಿ ಆ ಎರಡು ಪದ ನೋಡಿ ದುಡ್ಡು ಸುರಿದು ತಂದು, ಮನೇಲಿ ತೆಗೆದ್ರೆ ಬರೀ ಸುಟ್ಟ ಮರದ ವಾಸನೆ. ಮೊದ್ಲು ಊರು, ದ್ರಾಕ್ಷಿ ನೋಡಿ. ಕಾಂಪೊ ದೆ ಬೋರ್ಹಾ ಅಥವಾ ಕಲತಾಯುದ್‌ನ ಗರ್ನಾಚಾ, ಹುಮಿಯಾದ ಮೊನಾಸ್ತ್ರೆಲ್, ಇವು ಪ್ರಿಯೊರಾತ್‌ಗಿಂತ ಎಷ್ಟೋ ಅಗ್ಗ. ಅಗ್ಗ ಅಂದ್ರೂ ವರ್ಷಾನುಗಟ್ಟಲೆ 150 ಪರ್ಸೆಂಟ್ ಆಮದು ಸುಂಕ ಇದ್ದ ಮಾಲು, ಅಲ್ಲಿನ ರೇಟಿಗೆ ಹೋಲಿಸಿ ಹೊಟ್ಟೆ ಉರ್ಕೋಬೇಡಿ. ಗರ್ನಾಚಾ ಆಲ್ಕೋಹಾಲ್ 14, 15 ಪರ್ಸೆಂಟ್ ಇರುತ್ತೆ, ಬಿಯರ್ ಥರ ಎತ್ತಕ್ಕೆ ಹೋಗ್ಬೇಡಿ. ರೂಮ್ ಟೆಂಪರೇಚರ್ ಅಂತ ಪುಸ್ತಕದಲ್ಲಿ ಬರೆದಿರೋದು ಅವರ ಚಳಿ ದೇಶದ ರೂಮು, ನಮ್ಮಲ್ಲಿ ಅರ್ಧ ಗಂಟೆ ಫ್ರಿಡ್ಜಲ್ಲಿಟ್ಟು ಕುಡೀರಿ. ಕಡುಬು, ಮಟನ್ ಸಾರಿಗೆ ಚೆನ್ನಾಗಿರುತ್ತೆ, ಸಾರಿಗೆ ಹಸಿಮೆಣಸಿನಕಾಯಿ ಖಾರ ಜಾಸ್ತಿ ಬಿದ್ರೆ ಮಾತ್ರ ಬಾಯಿ ಉರಿ ಎರಡರಷ್ಟಾಗುತ್ತೆ.

ಪ್ರ: ನಮ್ಮ ತೋಟದಲ್ಲೂ ಗರ್ನಾಚಾ ಹಾಕಿದ್ರೆ ಹೆಂಗೆ? (ಓದುಗರು, ಕೊಪ್ಪ)

ಉ: ಅದು ಒಣ ಗಾಳಿ, ಕಲ್ಲು ನೆಲದ ಗಿರಾಕಿ. ಅಲ್ಲಿ ಚಪ್ಪರಾನೂ ಇಲ್ಲ, ತಂತೀನೂ ಇಲ್ಲ, ಏಳೆಂಟು ಅಡಿಗೊಂದು ಬಿಟ್ಟು ಗಿಡದ ಥರ ಕುಳ್ಳಗೆ ಬೆಳೆಸ್ತಾರೆ. ಕೊಪ್ಪದ ಆಷಾಢದ ಮಳೇಲಿ ಎಲೆಗೆ ಬೂಷ್ಟು ಬಂದು ಮುಗಿಯುತ್ತೆ. ಮೆಣಸೇ ಇರ್ಲಿ.

ಪ್ರ: ಸರ್, ಕಾರ್ಕ್ ಮುರಿದು ಬಾಟ್ಲಿ ಒಳಗೆ ಬಿತ್ತು, ಏನ್ಮಾಡ್ಲಿ? (ಓದುಗರು, ಬೀರೂರು)

ಉ: ಬಿಳೀ ತೆಳು ಬಟ್ಟೇಲಿ ಜಗ್‌ಗೆ ಶೋಧಿಸ್ಕೊಳ್ಳಿ. ಬಟ್ಟೆ ಹೊಸದಿರ್ಲಿ. ದಿನಾ ಕಾಫಿ ಸೋಸೋ ಬಟ್ಟೇಲಿ ಶೋಧಿಸಿ ಆಮೇಲೆ ‘ವೈನಲ್ಲಿ ಚಿಕೋರಿ ವಾಸನೆ’ ಅಂತ ನಂಗೆ ಬರೀಬೇಡಿ.