ಹಳೇ ಪಿಎಸ್‌ಪಿಗೆ ಹೊಸ ಫರ್ಮ್‌ವೇರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಸುಮಾರಷ್ಟು ಸೋನಿ ಪಿಎಸ್‌ಪಿ ಬಗ್ಗೇನೇ ಇವೆ. 2004ರ ಡಿಸೆಂಬರ್‌ನಲ್ಲಿ ಜಪಾನಲ್ಲಿ ಬಂದ, ಕೈಲಿ ಹಿಡ್ಕೊಂಡು ಆಡೋ ಗೇಮ್ ಮಷಿನ್ ಇದು, ಕಂಪನಿ ಇದನ್ನ ಮಾಡೋದು ನಿಲ್ಲಿಸಿ ಎಷ್ಟೋ ವರ್ಷ ಆಯ್ತು, ಆದ್ರೂ ಕಸ್ಟಮ್ ಫರ್ಮ್‌ವೇರ್ (ಕಂಪನಿಯ ಸಿಸ್ಟಮ್ ಸಾಫ್ಟ್‌ವೇರನ್ನ ಹೊರಗಿನವರು ಮಾರ್ಪಡಿಸಿದ್ದು) ಬರೆಯೋರು ಇನ್ನೂ ಬರೀತಾನೇ ಇದಾರೆ. ಅದಕ್ಕೇ ಈ ತಿಂಗಳ ಕಾಲಂ ಪೂರ್ತಿ ಅದಕ್ಕೇ ಬಿಟ್ಟಿದ್ದೀನಿ.

ಪ್ರಶ್ನೆ: ಸರ್, ನಮ್ಮ ಚಿಕ್ಕಪ್ಪ ಅವ್ರ ಪಿಎಸ್‌ಪಿ ನಂಗೆ ಕೊಟ್ರು. ಹಿಂದ್ಗಡೆ 3000 ಅಂತ ಇದೆ, ಸಿಸ್ಟಮ್ ಸಾಫ್ಟ್‌ವೇರ್ 6.20 ತೋರಿಸ್ತಿದೆ. ಆರ್ಕ್-4 ಅನ್ನೋ ಕಸ್ಟಮ್ ಫರ್ಮ್‌ವೇರ್ ಹಾಕು ಅಂತ ಫ್ರೆಂಡ್ಸ್ ಹೇಳ್ತಿದಾರೆ. ಹಾಕಿದ್ರೆ ಏನ್ ಸಿಗತ್ತೆ? ಹಾಕೋವಾಗ ಕೆಟ್ಟೋದ್ರೆ ಚಿಕ್ಕಪ್ಪ ಬಯ್ತಾರೆ ಸರ್.
(ಪಿಯುಸಿ ವಿದ್ಯಾರ್ಥಿ, ಹಾಸನ)

ನಿಮ್ಮ ಭಯ ಸರಿಯಾಗೇ ಇದೆ, ಅದನ್ನ ಬಿಡ್ಬೇಡಿ, ಆದ್ರೆ ಅದಕ್ಕೆ ದಾರಿನೂ ಇದೆ. ಮೊದಲು ಸೋನಿಯವರದ್ದೇ ಕೊನೇ ಸಾಫ್ಟ್‌ವೇರ್ 6.61 ಹಾಕ್ಕೊಳ್ಳಿ, ಅದು 2015ರ ಜನವರಿಲಿ ಬಂದಿದ್ದು. ಅಪ್‌ಡೇಟ್ ಮಾಡಿದ್ರೆ ಹ್ಯಾಕ್ ಮಾಡೋಕಾಗಲ್ಲ ಅನ್ನೋ ಮಾತು ಹಳೇ ಕಾಲದ್ದು, ಈಗ ಎಲ್ಲಾ ಮಾಡೆಲ್‌ಗೂ 6.61ರ ಮೇಲೇನೇ ಕೆಲಸ ಆಗತ್ತೆ. ಮೆಮೊರಿ ಸ್ಟಿಕ್‌ನಲ್ಲಿ ಪಿಎಸ್‌ಪಿ ಅನ್ನೋ ಫೋಲ್ಡರ್, ಅದರೊಳಗೆ ಗೇಮ್, ಅದರೊಳಗೆ ಅಪ್‌ಡೇಟ್ ಅಂತ ಫೋಲ್ಡರ್ ಮಾಡಿ ಫೈಲ್ ಹಾಕಿ. ಅಪ್‌ಡೇಟ್ ಆಗೋವಾಗ ಚಾರ್ಜರ್ ಚುಚ್ಚಿರ್ಬೇಕು, ಬ್ಯಾಟರಿನೂ ಒಳಗೇ ಇರ್ಬೇಕು ಮತ್ತು ಚೆನ್ನಾಗಿರ್ಬೇಕು, ಯಾಕಂದ್ರೆ ಬರೀ ಚಾರ್ಜರ್ ಮೇಲೆ ಪಿಎಸ್‌ಪಿ ಓಡತ್ತೆ ಆದ್ರೆ ಅಪ್‌ಡೇಟರ್ ಬ್ಯಾಟರಿ ಇಲ್ದೆ ಮುಂದಕ್ಕೆ ಹೋಗಲ್ಲ.

ಆಮೇಲೆ ಆರ್ಕ್-4. ಇದರಲ್ಲಿ ಎರಡು ಥರ ಇದೆ, ಈ ವ್ಯತ್ಯಾಸ ತಿಳ್ಕೊಂಡ್ರೆ ನಿಮ್ಮ ಅರ್ಧ ಭಯ ಹೋಗತ್ತೆ. ಒಂದು, ಮೆಮೊರಿ ಸ್ಟಿಕ್‌ನಿಂದಾನೇ ಓಡೋದು: ಒಂದು ಫೋಲ್ಡರ್ ಸೇವ್‌ಡೇಟಾ ಒಳಗೆ, ಇನ್ನೊಂದು ಲೋಡರ್ ಗೇಮ್ ಫೋಲ್ಡರ್ ಒಳಗೆ. ಲೋಡರನ್ನ ಗೇಮ್ ಥರಾನೇ ಓಪನ್ ಮಾಡಿದ್ರೆ ಸ್ಕ್ರೀನ್ ಒಂದ್ಸಲ ಕಪ್ಪಾಗಿ ವಾಪಸ್ ಬರತ್ತೆ, ಅಷ್ಟೇ, ಆರ್ಕ್ ಎದ್ದಿರತ್ತೆ. ಸ್ಲೀಪ್‌ಗೆ ಹಾಕಿದ್ರೂ ಇರತ್ತೆ, ಪವರ್ ಸ್ವಿಚ್ ಮೇಲಕ್ಕೆ ಒತ್ತಿ ಹಿಡ್ಕೊಂಡು ಪೂರ್ತಿ ಆಫ್ ಮಾಡಿದ್ರೆ ಹೋಗತ್ತೆ, ಆಗ ಲೋಡರ್ ಇನ್ನೊಂದ್ಸಲ ಓಡಿಸ್ಬೇಕು. ಎರಡನೇದು ಪರ್ಮನೆಂಟು, ಮಷಿನ್ ಬೂಟ್ ಆಗೋ ಜಾಗದಲ್ಲೇ ಬರೆಯೋದು. ಅಲ್ಲಿ ಬರೆಯೋ ಹೊತ್ತಲ್ಲಿ ಕರೆಂಟೋ ಬ್ಯಾಟರಿನೋ ಕೈ ಕೊಟ್ರೆ ಮಷಿನ್ ಎದ್ದೇಳಲ್ಲ. ಚಿಕ್ಕಪ್ಪನ ಮಷಿನ್ ಅಂದ್ರಲ್ಲ, ಸದ್ಯಕ್ಕೆ ಮೊದಲನೇದರಲ್ಲೇ ಇರಿ. ಆಫ್ ಆದಾಗೆಲ್ಲ ಒಂದು ಬಟನ್ ಒತ್ತೋ ಕೆಲಸಕ್ಕೋಸ್ಕರ ರಿಸ್ಕ್ ತಗೊಳ್ಳೋ ಅವಶ್ಯಕತೆ ಇಲ್ಲ ಅಂತ ನನ್ನ ಖಚಿತ ಅಭಿಪ್ರಾಯ.

ಏನ್ ಸಿಗತ್ತೆ ಅಂದ್ರೆ, ಸೋನಿ ಒಪ್ಪಿಗೆ ಕೊಡದೇ ಇರೋ ಹೋಂಬ್ರೂ ಪ್ರೋಗ್ರಾಮ್‌ಗಳು ಓಡ್ತವೆ, ನಿಮ್ಮ ಯುಎಂಡಿ (ಪಿಎಸ್‌ಪಿ ಆಟಗಳು ಬರೋ ಸಣ್ಣ ಡಿಸ್ಕ್) ಕಾಪಿ ಮಾಡಿ ಕಾರ್ಡ್‌ನಿಂದ ಆಡ್ಬಹುದು, ಪ್ಲಗಿನ್ (ಹೊಸ ಸೌಲಭ್ಯ ಸೇರಿಸೋ ಸಣ್ಣ ಪ್ರೋಗ್ರಾಮ್) ಹಾಕ್ಬಹುದು. ಸೆಟಿಂಗ್‌ಗಳು ಈಗ ಪಿಎಸ್‌ಪಿಯ ಮಾಮೂಲಿ ಮೆನು ಒಳಗೇನೇ ಬಂದು ಕೂತಿವೆ, ಹೊಸಬರಿಗೆ ಇದೊಂದು ದೊಡ್ಡ ಉಪಕಾರ.

ಪ್ರಶ್ನೆ: ಕಾಲೇಜಲ್ಲಿದ್ದಾಗ ನನ್ನ ಪಿಎಸ್‌ಪಿ-2000ದಲ್ಲಿ 5.00 ಎಂ33 ಅನ್ನೋ ಕಸ್ಟಮ್ ಫರ್ಮ್‌ವೇರ್ ಇತ್ತು. ಈಗ ಮತ್ತೆ ಹೊರಗೆ ತೆಗೆದಿದ್ದೀನಿ. ಅದು ಇದ್ದಂಗೇ ಬಿಡ್ಲಾ, ಆರ್ಕ್-4ಕ್ಕೆ ಹೋಗ್ಲಾ? ನಿಜವಾಗ್ಲೂ ಏನಾದ್ರೂ ಬದಲಾಗಿದ್ಯಾ ಇಲ್ಲ ಹೆಸರು ಮಾತ್ರಾನಾ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಬದಲಾಗಿದೆ, ಹೋಗಿ. ಎಂ33 ಕಾಲ ನೀವು ನೋಡಿದ್ದೀರ ಅಂದ್ರೆ ಅದನ್ನ ಬರೆದ ಡಾರ್ಕ್ ಅಲೆಕ್ಸ್ ಹೆಸರು ಗೊತ್ತೇ ಇರತ್ತೆ, ಪಂಡೋರಾ ಬ್ಯಾಟರಿನೂ ಗೊತ್ತಿರತ್ತೆ. 2007ರಲ್ಲಿ ಅದು ಬಂದಾಗ ಬ್ಯಾಟರಿ ಒಳಗಿರೋ ಚಿಪ್‌ನ ಸೀರಿಯಲ್ ನಂಬರ್ ಬದಲಾಯಿಸಿಬಿಟ್ರೆ ಪಿಎಸ್‌ಪಿ ಅದನ್ನ ಸರ್ವಿಸ್ ಸೆಂಟರ್ ಬ್ಯಾಟರಿ ಅಂದ್ಕೊಂಡು ಮೆಮೊರಿ ಸ್ಟಿಕ್‌ನಿಂದ ಬೂಟ್ ಆಗ್ತಿತ್ತು, ಸತ್ತ ಮಷಿನ್‌ಗಳು ಹಂಗೇ ಎದ್ದು ಕೂತಿದ್ದು. ಆಮೇಲೆ ಬಂದ ಬೋರ್ಡ್‌ಗಳಲ್ಲಿ ಸೋನಿ ಆ ದಾರಿ ಮುಚ್ಚಿತು, 3000ದೋರು ಬಹಳ ಕಾಲ ಒದ್ದಾಡಿದ್ರು. ನಿಮ್ಮ 2000 ಹಳೇ ಬೋರ್ಡ್ ಆಗಿದ್ರೆ ಆ ರಕ್ಷಣೆ ಇವತ್ತಿಗೂ ಇದೆ, ಆ ಬ್ಯಾಟರಿ ಮನೇಲಿ ಎಲ್ಲಾದ್ರೂ ಬಿದ್ದಿದ್ರೆ ಎತ್ತಿಟ್ಕೊಳ್ಳಿ.

ಈಗಿನ ವಿಷಯ. 5.00 ಮೇಲೆ ಇದ್ರೆ ಆಮೇಲೆ ಬಂದ ಆಟಗಳು ಹೊಸ ಸಾಫ್ಟ್‌ವೇರ್ ಕೇಳ್ತವೆ, ಅದೊಂದೇ ಕಾರಣ ಸಾಕು. ಅದರ ಮೇಲೆ, ಪ್ಲಗಿನ್ ಹಾಕೋದು ಈಗ ಸಲೀಸು. ನಿಮ್ಮ ಕಾಲದಲ್ಲಿ ಮೆನುಗೊಂದು, ಆಟಕ್ಕೊಂದು, ಪಿಎಸ್1 ಆಟಕ್ಕೊಂದು ಅಂತ ಮೂರು ಟೆಕ್ಸ್ಟ್ ಫೈಲ್ ಇರ್ತಿತ್ತಲ್ಲ, ಈಗ ಸೆಪ್ಲಗಿನ್ಸ್ ಫೋಲ್ಡರ್‌ನಲ್ಲಿ ಪ್ಲಗಿನ್ಸ್ ಅನ್ನೋ ಒಂದೇ ಫೈಲು. ಒಂದೊಂದು ಸಾಲಲ್ಲಿ ಮೂರು ವಿಷಯ, ಮಧ್ಯ ಕಾಮಾ: ಯಾವಾಗ ಓಡ್ಬೇಕು, ಪ್ಲಗಿನ್ ಎಲ್ಲಿದೆ, ಆನ್ ಇಲ್ಲ ಆಫ್. ಮೊದಲನೇ ಜಾಗದಲ್ಲಿ ಒಂದು ಆಟದ ಐಡಿ ಬರೆದ್ರೆ ಆ ಪ್ಲಗಿನ್ ಆ ಆಟಕ್ಕೆ ಮಾತ್ರ. ಇದು ನಂಗೆ ತುಂಬಾ ಇಷ್ಟವಾದ ಬದಲಾವಣೆ, ಯಾಕಂದ್ರೆ ಒಂದು ಆಟಕ್ಕೆ ಬೇಕಾಗಿದ್ದ ಪ್ಲಗಿನ್ ಇನ್ನೊಂದು ಆಟವನ್ನ ಹ್ಯಾಂಗ್ ಮಾಡೋದು, ಯಾವುದರಿಂದ ಹ್ಯಾಂಗ್ ಆಯ್ತು ಅಂತ ಒಂದೊಂದೇ ತೆಗೆದು ನೋಡೋದು, ಆ ಕಷ್ಟ ಈಗ ತಪ್ಪಿದೆ. ಫೈಲ್ ತೆಗೀದೇನೂ ಮೆನುವಿನ ಪ್ಲಗಿನ್ ಮ್ಯಾನೇಜರ್‌ನಿಂದಾನೇ ಆನ್ ಆಫ್ ಮಾಡ್ಬಹುದು. ಏನೋ ಕೆಟ್ಟು ಮೆನುನೇ ಬರ್ತಿಲ್ಲ ಅಂದ್ರೆ, ಬಲಗಡೆ ಆರ್ ಬಟನ್ ಹಿಡ್ಕೊಂಡು ಎಬ್ಬಿಸಿ, ರಿಕವರಿ ಬರತ್ತೆ, ಅದು ನಿಮ್ಗೆ ಹಳೇ ಪರಿಚಯಾನೇ.

ಇನ್ನೊಂದು, ಐಎಸ್‌ಒ (ಡಿಸ್ಕಿನ ಪೂರ್ತಿ ಕಾಪಿ ಇರೋ ಫೈಲ್) ಓದೋ ಕಡೆ. ಅದನ್ನ ಅದುಮಿ ಸಿಎಸ್‌ಒ ಮಾಡಿ ಕಾರ್ಡಲ್ಲಿ ಜಾಗ ಉಳಿಸ್ತಿದ್ವಲ್ಲ, ಅದನ್ನ ಬಿಚ್ಚೋಕೆ ಪ್ರೊಸೆಸರ್‌ಗೆ ಕೆಲಸ ಜಾಸ್ತಿ, ವಿಡಿಯೋ ಬರೋವಾಗ ತಡವರಿಸ್ತಿತ್ತು. ಈಗ ಝಡ್‌ಎಸ್‌ಒ ಅನ್ನೋ ಫಾರ್ಮ್ಯಾಟ್ ಓಡತ್ತೆ, ಫೈಲ್ ಸ್ವಲ್ಪ ದೊಡ್ಡದಾಗತ್ತೆ ಆದ್ರೆ ಬಿಚ್ಚೋದು ಬೇಗ. ಯುಎಂಡಿ ಎಷ್ಟೇ ಆದ್ರೂ 1.8 ಜಿಬಿ ಅಷ್ಟೇ, ಹಂಗಾಗಿ ದೊಡ್ಡ ಮೈಕ್ರೋಎಸ್‌ಡಿ ಇದ್ರೆ ಏನೂ ಅದುಮಬೇಡಿ, ಸಾದಾ ಐಎಸ್‌ಒ ಇಡಿ. ಇನ್ನು ನಿಮ್ಮ 2000ದಲ್ಲಿ 64 ಎಂಬಿ ರ‍್ಯಾಮ್ ಇದೆ, ಮೊದಲ ಮಾಡೆಲ್‌ನಲ್ಲಿ 32 ಮಾತ್ರ. ಆ ಹೆಚ್ಚಿಗೆ ಜಾಗವನ್ನ ಡಿಸ್ಕ್ ಕ್ಯಾಶ್‌ಗೆ (ಓದಿದ್ದನ್ನ ತಾತ್ಕಾಲಿಕವಾಗಿ ಇಟ್ಕೊಳ್ಳೋದಕ್ಕೆ) ಕೊಡೋ ಸೆಟಿಂಗ್ ಇದೆ, ಲೋಡಿಂಗ್ ಚುರುಕಾಗತ್ತೆ. ಎಕ್ಸ್‌ಟ್ರಾ ಮೆಮೊರಿ ಅನ್ನೋದನ್ನ ಮಾತ್ರ ಎಲ್ಲಾ ಆಟಕ್ಕೂ ಆನ್ ಮಾಡ್ಬೇಡಿ, ಕೆಲವು ಆಟ ನಿಂತೋಗ್ತವೆ, ಬೇಕು ಅನ್ನೋ ಹೋಂಬ್ರೂಗೆ ಮಾತ್ರ ಕೊಡಿ.

ಪ್ರಶ್ನೆ: ಮಗನಿಗೆ ಸೆಕೆಂಡ್ ಹ್ಯಾಂಡ್ ಪಿಎಸ್‌ಪಿ ಕೊಡಿಸಿದ್ವಿ. ಅಂಗಡಿಯವರು ದುಡ್ಡು ಕೊಟ್ರೆ ಇನ್ನೂರು ಗೇಮ್ ತುಂಬಿ ಕೊಡ್ತೀವಿ ಅಂತಾರೆ. ಇದು ಕಾನೂನಿಗೆ ವಿರುದ್ಧ ಅಲ್ವಾ? ಈ ಕಸ್ಟಮ್ ಫರ್ಮ್‌ವೇರೇ ತಪ್ಪಾ? ದಯವಿಟ್ಟು ಬಿಡಿಸಿ ಹೇಳಿ.
(ಗೃಹಿಣಿ, ಶಿವಮೊಗ್ಗ)

ಕೇಳಿದ್ದು ಬಹಳ ಒಳ್ಳೇದಾಯ್ತು ಮೇಡಂ, ಈ ಎರಡನ್ನೂ ಜನ ಒಂದೇ ಅಂದ್ಕೊಳ್ತಾರೆ. ಅಂಗಡಿಯವರು ತುಂಬಿ ಕೊಡೋದು ಬೇರೆಯವರ ಆಟದ ಕಾಪಿ, ಅದು ನೇರವಾಗಿ ಕಾಪಿರೈಟ್ ಉಲ್ಲಂಘನೆ, ಬೇಡ ಅಂದುಬಿಡಿ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ 65ಎ ಅನ್ನೋ ಕಲಂ ಸೇರಿಸಿದ್ರು, ಹಕ್ಕು ಕದಿಯೋ ಉದ್ದೇಶದಿಂದ ಬೀಗ ಒಡೆದ್ರೆ ಎರಡು ವರ್ಷದ ತನಕ ಜೈಲು ಅನ್ನತ್ತೆ ಅದು. ಉದ್ದೇಶದಿಂದ ಅನ್ನೋ ಆ ಮಾತು ಮುಖ್ಯ. ಮತ್ತೆ ಅದೇ ಕಾಯ್ದೆಯ 52ನೇ ಕಲಂ, ಕಂಪ್ಯೂಟರ್ ಪ್ರೋಗ್ರಾಮನ್ನ ಕಾನೂನುಬದ್ಧವಾಗಿ ಇಟ್ಕೊಂಡಿರೋರು ಅದು ಹಾಳಾಗದೇ ಇರ್ಲಿ ಅಂತ ಬ್ಯಾಕಪ್ ಮಾಡ್ಕೊಳ್ಳೋಕೆ ಬಿಡತ್ತೆ. ಅಂದ್ರೆ ದುಡ್ಡು ಕೊಟ್ಟು ತಗೊಂಡ ಡಿಸ್ಕ್ ನಿಮ್ಮ ಹತ್ರ ಇರ್ಬೇಕು, ಕಾಪಿ ನಿಮಗೋಸ್ಕರಾನೇ ಇರ್ಬೇಕು.

ಮಾಡೋದು ಹೆಂಗೆ ಅಂದ್ರೆ, ಡಿಸ್ಕನ್ನ ಕಸ್ಟಮ್ ಫರ್ಮ್‌ವೇರ್ ಇರೋ ಪಿಎಸ್‌ಪಿಗೆ ಹಾಕಿ, ಮೇನ್ ಮೆನುಲಿ ಸೆಲೆಕ್ಟ್ ಬಟನ್ ಒತ್ತಿದ್ರೆ ಒಂದು ಸಣ್ಣ ಪಟ್ಟಿ ಬರತ್ತೆ. ಅದ್ರಲ್ಲಿ ಯುಎಸ್‌ಬಿ ಡಿವೈಸ್ ಅನ್ನೋ ಸಾಲಲ್ಲಿ ಮೆಮೊರಿ ಸ್ಟಿಕ್ ಅಂತ ಇರೋದನ್ನ ಯುಎಂಡಿ ಡಿಸ್ಕ್ ಅಂತ ಬದಲಾಯಿಸಿ ಕೇಬಲ್ ಹಾಕಿದ್ರೆ, ಕಂಪ್ಯೂಟರ್‌ನಲ್ಲಿ ಒಂದೇ ಒಂದು ಐಎಸ್‌ಒ ಫೈಲ್ ಕಾಣತ್ತೆ. ಅದನ್ನ ಕಂಪ್ಯೂಟರಿಗೆ ಕಾಪಿ ಮಾಡಿ, ಆಮೇಲೆ ಆ ಸಾಲನ್ನ ಮೊದಲಿನಂಗೆ ಮಾಡಿ ಮೆಮೊರಿ ಸ್ಟಿಕ್‌ನ ಐಎಸ್‌ಒ ಫೋಲ್ಡರ್‌ಗೆ ಹಾಕಿ. ಸಮಯ ಹಿಡಿಯತ್ತೆ, ಮಧ್ಯ ಅಲ್ಲಾಡಿಸ್ಬಾರ್ದು. ಯುಎಂಡಿ ಡ್ರೈವ್ ಒಳಗಿರೋ ಲೇಸರ್ ವಯಸ್ಸಾದಂಗೆ ಸೋಲತ್ತೆ, ಡಿಸ್ಕ್‌ನ ಪ್ಲಾಸ್ಟಿಕ್ ಕವಚ ಬಿರಿಯತ್ತೆ, ಅದಕ್ಕೇ ಮಗನ ಡಿಸ್ಕ್‌ಗಳನ್ನ ಈಗ್ಲೇ ಕೂತು ಕಾಪಿ ಮಾಡಿಸಿ. ನಂಗೆ ಕೇಳಿದ್ರೆ ಕಸ್ಟಮ್ ಫರ್ಮ್‌ವೇರ್‌ನ ಎಲ್ಲಕ್ಕಿಂತ ಬೆಲೆಬಾಳೋ ಕೆಲಸ ಇದೇನೇ. ಪಿಎಸ್‌ಪಿಯಿಂದ ಆನ್‌ಲೈನ್‌ನಲ್ಲಿ ಆಟ ಕೊಳ್ಳೋ ದಾರಿ 2021ರ ಜುಲೈಲಿ ಪೂರ್ತಿ ಮುಚ್ಚಿದ ಮೇಲಂತೂ, ಕೈಲಿರೋ ಡಿಸ್ಕ್ ಹಾಳಾದ್ರೆ ಇನ್ನೊಂದು ಹುಡುಕ್ಕೊಂಡು ಸೆಕೆಂಡ್ ಹ್ಯಾಂಡ್ ಮಾರ್ಕೆಟ್ ಸುತ್ತಬೇಕು.

ಪ್ರಶ್ನೆ: ಮನೆ ವೈಫೈ ಪಾಸ್‌ವರ್ಡ್ ಸರಿಯಾಗೇ ಹಾಕ್ತೀನಿ, ಪಿಎಸ್‌ಪಿ ಕನೆಕ್ಟ್ ಆಗೋದೇ ಇಲ್ಲ. ಮಷಿನ್ ಕೆಟ್ಟಿದ್ಯಾ?
(ಮಸ್ಕತ್‌ನಲ್ಲಿರೋ ಮಂಗಳೂರಿನ ಓದುಗರು)

ಕೆಟ್ಟಿಲ್ಲ. ಪಿಎಸ್‌ಪಿ ವೈಫೈ 802.11ಬಿ, 2.4 ಗಿಗಾಹರ್ಟ್ಸ್ ಮಾತ್ರ, ಮತ್ತು ಸೋನಿ ಅದಕ್ಕೆ ವೈಫೈ ಸೆಕ್ಯೂರಿಟಿಲಿ ಡಬ್ಲ್ಯೂಪಿಎ ಅನ್ನೋದರ ತನಕ ಕಲಿಸಿತ್ತು, ಡಬ್ಲ್ಯೂಪಿಎ2 ಕಲಿಸ್ಲೇ ಇಲ್ಲ. ಈಗಿನ ರೌಟರ್‌ಗಳು ಸಾಮಾನ್ಯವಾಗಿ ಡಬ್ಲ್ಯೂಪಿಎ2ಗಿಂತ ಕೆಳಗೆ ಇಳಿಯಲ್ಲ. ಮೊದಲೆಲ್ಲ ಇದಕ್ಕೆ ರೌಟರ್ ಸೆಕ್ಯೂರಿಟಿನೇ ಇಳಿಸಿ ಅಂತಿದ್ರು, ಮನೇಲಿ ಬ್ಯಾಂಕ್ ಕೆಲಸ ಎಲ್ಲಾ ಮಾಡೋ ನೆಟ್‌ವರ್ಕ್‌ನ ಒಂದು ಆಟದ ಮಷಿನ್‌ಗೋಸ್ಕರ ಹಂಗೆ ತೆರೆದಿಡೋದು ತಪ್ಪು. ಈಗ ಆರ್ಕ್-4ರಲ್ಲಿ ಡಬ್ಲ್ಯೂಪಿಎ2 ಸೆಟಿಂಗ್ ಬಂದಿದೆ, ಆನ್ ಮಾಡಿ ಎಇಎಸ್ ಆರಿಸಿ ಹೊಸದಾಗಿ ಕನೆಕ್ಷನ್ ಮಾಡಿ. ರೌಟರ್ ಡಬ್ಲ್ಯೂಪಿಎ3 ಮಾತ್ರ ಅಂತಿದ್ರೆ, ಗೆಸ್ಟ್ ನೆಟ್‌ವರ್ಕ್ ಒಂದನ್ನ 2.4ರಲ್ಲಿ ಡಬ್ಲ್ಯೂಪಿಎ2 ಇಟ್ಟು ಮಾಡ್ಕೊಳ್ಳಿ. ಬಿ ಮೋಡ್ ಆಫ್ ಮಾಡಿಟ್ಟಿದ್ರೆ ಅದನ್ನೂ ಆನ್ ಮಾಡ್ಬೇಕು. ಬ್ರೌಸರ್ ಮೇಲೆ ಆಸೆ ಇಟ್ಕೋಬೇಡಿ, ಇವತ್ತಿನ ಸೈಟ್‌ಗಳು ಅದ್ರಲ್ಲಿ ತೆರೆಯಲ್ಲ. ನಿಮ್ಮದು ಇ1000 ಸ್ಟ್ರೀಟ್ ಮಾಡೆಲ್ ಆಗಿದ್ರೆ ಅದ್ರಲ್ಲಿ ವೈಫೈ ಹಾರ್ಡ್‌ವೇರೇ ಇಲ್ಲ, ಏನೂ ಮಾಡೋಕಾಗಲ್ಲ.

ಪ್ರಶ್ನೆ: ಸರ್, ಪಿಎಸ್‌ಪಿ ಒಳಗ ಭಾವಗೀತಿ ಹಾಕೀನ್ರಿ. ಹೆಸರು ಕನ್ನಡದಾಗ ಇದ್ರ ಸರಿಯಾಗಿ ಕಾಣಂಗಿಲ್ರಿ. ಕಸ್ಟಮ್ ಫರ್ಮ್‌ವೇರ್‌ನಾಗ ಕನ್ನಡ ಫಾಂಟ್ ಹಾಕಾಕ ಬರ್ತದೇನ್ರಿ?
(ಮೊಬೈಲ್ ರಿಪೇರಿ ಅಂಗಡಿ, ಹುಬ್ಬಳ್ಳಿ)

ಫಾಂಟ್ ಫೈಲ್ ಬದಲಾಯಿಸೋಕೆ ಬರತ್ತೆ, ಆದ್ರೆ ಅಷ್ಟರಿಂದ ಕನ್ನಡ ಬರಲ್ಲ. ನಮ್ಮ ಲಿಪಿಗೆ ಒತ್ತಕ್ಷರ ಕೆಳಗೆ ಕೂರ್ಬೇಕು, ಗುಣಿತ ಅಕ್ಷರಕ್ಕೆ ಅಂಟ್ಕೋಬೇಕು, ಅದನ್ನ ಜೋಡಿಸೋ ಕೆಲಸ ಮಾಡೋ ಸಾಫ್ಟ್‌ವೇರ್ ಪಿಎಸ್‌ಪಿ ಮೆನುಲಿ ಇಲ್ಲ. ಸ್ತ್ರೀ ಅಂತ ಬರೆದ್ರೆ ಸ, ತ, ರ ಎಲ್ಲಾ ಬೇರೆ ಬೇರೆಯಾಗಿ ಸಾಲಾಗಿ ನಿಲ್ತವೆ. ಮತ್ತೆ ಸಿಸ್ಟಮ್ ಫಾಂಟ್ ಇರೋದು ಮಷಿನ್‌ನ ಒಳಗಿನ ಫ್ಲ್ಯಾಶ್‌ನಲ್ಲಿ, ಅಲ್ಲಿ ಕೈ ಹಾಕಿ ತಪ್ಪಾದ್ರೆ ಬೂಟ್ ಆಗೋದೇ ನಿಲ್ಲಬಹುದು, ಗಿರಾಕಿ ಮಷಿನ್ ಮೇಲಂತೂ ಬೇಡ. ಹಾಡಿನ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೀರಿ. ಫೈಲ್ ಹೆಸರು ಬದಲಾಯಿಸಿದ್ರೆ ಸಾಲದು, ಎಂಪಿ3 ಒಳಗಿನ ಟ್ಯಾಗೂ ಬದಲಾಗ್ಬೇಕು, ಪಿಎಸ್‌ಪಿ ತೋರಿಸೋದು ಅದನ್ನ. ಹೋಂಬ್ರೂ ಬರೆಯೋರು ಯಾರಾದ್ರೂ ಇದನ್ನ ಓದ್ತಿದ್ರೆ, ಕನ್ನಡ ಸರಿಯಾಗಿ ತೋರಿಸೋ ಒಂದು ಸಣ್ಣ ಮ್ಯೂಸಿಕ್ ಪ್ಲೇಯರ್ ದಯವಿಟ್ಟು ಮಾಡಿ, ತುಂಬಾ ಜನಕ್ಕೆ ಬೇಕಾಗಿದೆ.

ಪ್ರಶ್ನೆ: ಓವರ್‌ಕ್ಲಾಕ್ (ಪ್ರೊಸೆಸರ್ ವೇಗ ಏರಿಸೋದು) ಆನ್ ಮಾಡಿ 333 ಮೆಗಾಹರ್ಟ್ಸ್‌ನಲ್ಲೇ ಯಾವಾಗ್ಲೂ ಇಟ್ರೆ ತೊಂದ್ರೆ ಇದ್ಯಾ? ಬ್ಯಾಟರಿ ಬೇರೆ ಸ್ವಲ್ಪ ಊದ್ಕೊಂಡಂಗಿದೆ.
(ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು)

ಮೊದಲು ಆ ಬ್ಯಾಟರಿ ಹೊರಗೆ ತೆಗೀರಿ, ಓದ್ತಾ ಇರೋ ಈಗ್ಲೇ. ಊದಿರೋ ಲಿಥಿಯಂ ಬ್ಯಾಟರಿನ ಚಾರ್ಜ್ ಮಾಡ್ಬಾರ್ದು, ಒತ್ತಿ ಮುಚ್ಚಳ ಹಾಕ್ಬಾರ್ದು, ಚುಚ್ಚಬಾರ್ದು, ಕಸದ ಬುಟ್ಟಿಗೂ ಹಾಕ್ಬಾರ್ದು, ಇ-ವೇಸ್ಟ್ ತಗೊಳ್ಳೋ ಕಡೆ ಕೊಡಿ. ಹೊಸದು ಬರೋ ತನಕ 5 ವೋಲ್ಟ್ ಚಾರ್ಜರ್ ಹಾಕ್ಕೊಂಡೇ ಆಡ್ಬಹುದು, ಗಡಿಯಾರ ಮಾತ್ರ ಪ್ರತಿ ಸಲ ಸೆಟ್ ಮಾಡ್ಬೇಕಾಗಬಹುದು. ಆಟದ ಮಧ್ಯ ವೈರ್ ಕಿತ್ತರೆ ಸೇವ್ ಹಾಳಾಗತ್ತೆ, ಅದೊಂದು ಎಚ್ಚರ. ಮೊದಲ 1000 ಮಾಡೆಲ್‌ಗೆ 1800 ಎಂಎಎಚ್‌ನ ದಪ್ಪ ಬ್ಯಾಟರಿ, 2000 ಮತ್ತು 3000ಕ್ಕೆ 1200ದ ತೆಳ್ಳಂದು, ಕೊಳ್ಳೋವಾಗ ಮಾಡೆಲ್ ನಂಬರ್ ನೋಡಿ ತಗೊಳ್ಳಿ. ಇದಕ್ಕಿಂತ ಜಾಸ್ತಿ ನಂಬರ್ ಬರೆದು ಮಾರೋ ಡೂಪ್ಲಿಕೇಟ್‌ಗಳನ್ನ ನಂಬಬೇಡಿ.

333 ಮೆಗಾಹರ್ಟ್ಸ್ ಅನ್ನೋದು ಆ ಪ್ರೊಸೆಸರ್‌ನ ನಿಜವಾದ ವೇಗಾನೇ, ಸೋನಿನೇ ಮೊದಲು 222ಕ್ಕೆ ಕಟ್ಟಿಹಾಕಿತ್ತು, 2007ರಲ್ಲಿ 3.50 ಬಂದಾಗ ಆಟಗಳಿಗೆ ಬಿಟ್ಕೊಡ್ತು. ಹಂಗಾಗಿ ಸುಟ್ಟೋಗಲ್ಲ. ಆದ್ರೆ ಮೊದಲೇ ಸಲೀಸಾಗಿ ಓಡ್ತಿರೋ ಆಟಕ್ಕೆ ಅದ್ರಿಂದ ಏನೂ ಲಾಭ ಇಲ್ಲ, ಬ್ಯಾಟರಿ ಮಾತ್ರ ಬೇಗ ಇಳಿಯತ್ತೆ. ಎಳೀತಿರೋ ಆಟಕ್ಕೆ ಮಾತ್ರ ಆನ್ ಮಾಡಿ, ಮೆನುಗೆ ಪವರ್ ಸೇವ್ ಇಡಿ.

ಪ್ರಶ್ನೆ: ನನ್ನ ಹತ್ರ ಪಿಎಸ್‌ಪಿ ನಂತರ ಬಂದ ಪಿಎಸ್ ವೀಟಾ ಇದೆ. ಪಿಎಸ್‌ಪಿ ಸೇವ್‌ಗಳನ್ನ ಅದಕ್ಕೆ ತಗೊಂಡು ಹೋಗ್ಬಹುದಾ?
(ಉಪನ್ಯಾಸಕರು, ಮೈಸೂರು)

ಆಗತ್ತೆ. ವೀಟಾ ಹ್ಯಾಕ್ ಆಗಿದ್ರೆ ಅಡ್ರಿನಲಿನ್ ಅನ್ನೋದನ್ನ ಹಾಕಿ, ಅದು ವೀಟಾ ಒಳಗೆ 6.61ರ ಪೂರ್ತಿ ಪಿಎಸ್‌ಪಿ ಮೆನುನೇ ತೆರೆಯತ್ತೆ. ಪಿಎಸ್‌ಪಿ ಮೆಮೊರಿ ಸ್ಟಿಕ್‌ನ ಸೇವ್‌ಡೇಟಾ ಫೋಲ್ಡರ್ ಒಳಗೆ ಒಂದೊಂದು ಆಟಕ್ಕೆ ಒಂದೊಂದು ಫೋಲ್ಡರ್ ಇರತ್ತೆ, ಆಟದ ಐಡಿಯಿಂದ ಶುರುವಾಗೋದು, ಅದನ್ನ ಇಡಿಯಾಗಿ ಅಲ್ಲಿನ ಸೇವ್‌ಡೇಟಾಕ್ಕೆ ಕಾಪಿ ಮಾಡಿದ್ರೆ ಮುಗೀತು. ಡಿಸ್ಕಿನ ರೀಜನ್ ಒಂದೇ ಇರ್ಬೇಕು, ಅಮೆರಿಕದ ಡಿಸ್ಕಿನ ಸೇವ್ ಯುರೋಪಿನ ಡಿಸ್ಕಿಗೆ ಸಾಮಾನ್ಯವಾಗಿ ಕಾಣಲ್ಲ, ಐಡಿ ಬೇರೆ ಇರತ್ತೆ. ಕಾಪಿ ಮಾಡೋವಾಗ ಹೆಂಗೂ ಕೂತಿರ್ತೀರಲ್ಲ, ಒಂದು ಪ್ರತಿ ಕಂಪ್ಯೂಟರ್‌ನಲ್ಲೂ ಇಟ್ಕೊಳ್ಳಿ, ಹಳೇ ಮೆಮೊರಿ ಸ್ಟಿಕ್‌ಗಳು ಮುನ್ಸೂಚನೆ ಕೊಡದೇ ಹೋಗ್ತವೆ.