ಕಾರ್ನಾಡರ ನಾಟಕಗಳಲ್ಲಿ ಎರವಲೆಷ್ಟು, ಸ್ವಂತವೆಷ್ಟು?

ಪ್ರಶ್ನೆ: ನಮಗೆ ಈ ವರ್ಷ ‘ಹಯವದನ’ ಪಠ್ಯವಾಗಿದೆ. ಅದು ಕಥಾಸರಿತ್ಸಾಗರದ ಕಥೆಯೆಂದು ಒಬ್ಬ ಅಧ್ಯಾಪಕರೂ, ಥಾಮಸ್ ಮಾನ್‌ ಬರೆದ ಜರ್ಮನ್ ಕಥೆಯ ರೂಪಾಂತರವೆಂದು ಇನ್ನೊಬ್ಬರೂ ಹೇಳುತ್ತಾರೆ. ಹಾಗಿದ್ದರೆ ಅದನ್ನು ಗಿರೀಶ ಕಾರ್ನಾಡರ ಸ್ವತಂತ್ರ ನಾಟಕವೆಂದು ಪರೀಕ್ಷೆಯಲ್ಲಿ ಬರೆಯಬಹುದೇ?
(ವಿದ್ಯಾರ್ಥಿನಿ, ಹಾವೇರಿ)

ಉತ್ತರ: ನಿಮ್ಮ ಇಬ್ಬರು ಅಧ್ಯಾಪಕರ ಮಾತೂ ನಿಜ. ಆದರೂ ನೀವು ಸ್ವತಂತ್ರ ನಾಟಕವೆಂದೇ ಬರೆಯಬಹುದು. ಕಾರಣವನ್ನು ಮಾತ್ರ ಬಿಡದೆ ಬರೆಯಬೇಕು.

ಕಥೆಯ ಬೇರು ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಸೋಮದೇವ ಬರೆದ ಕಥಾಸರಿತ್ಸಾಗರದೊಳಗಿನ ಬೇತಾಳ ಕಥೆಗಳಲ್ಲಿದೆ. ದೇವಿಯ ಗುಡಿಯಲ್ಲಿ ಇಬ್ಬರು ಗಂಡಸರು ತಲೆ ಕಡಿದುಕೊಳ್ಳುತ್ತಾರೆ. ಒಬ್ಬ ಕಥೆಯ ನಾಯಕಿಯ ಗಂಡ, ಇನ್ನೊಬ್ಬ, ಸೋಮದೇವನ ಪಾಠದಲ್ಲಿ, ಅವಳ ಸೋದರ. ದೇವಿಯ ವರದಿಂದ ಅವರನ್ನು ಬದುಕಿಸುವ ಗಡಿಬಿಡಿಯಲ್ಲಿ ಅವಳು ತಲೆಗಳನ್ನು ಅದಲುಬದಲು ಮಾಡುತ್ತಾಳೆ. ಇವರಲ್ಲಿ ಗಂಡ ಯಾರು ಎಂದು ಬೇತಾಳ ಕೇಳುತ್ತದೆ. ಅಂಗಗಳಲ್ಲಿ ಶಿರಸ್ಸೇ ಪ್ರಧಾನವಾದ್ದರಿಂದ ಗಂಡನ ತಲೆಯಿರುವವನೇ ಗಂಡನೆಂದು ರಾಜ ಉತ್ತರಿಸುತ್ತಾನೆ. ಬೇತಾಳ ಮತ್ತೆ ಮರವೇರುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಆ ಮೂವರು ಮನೆಗೆ ಹೋಗಿ ಹೇಗೆ ಬಾಳಿದರು ಎಂಬುದು ಬೇತಾಳಕ್ಕೂ ಬೇಡ, ರಾಜನಿಗೂ ಬೇಡ.

ಮಾನ್ 1940ರಲ್ಲಿ ಪ್ರಕಟಿಸಿದ ನೀಳ್ಗತೆ ಹಿಡಿದದ್ದು ಈ ಮುಂದಿನ ಬಾಳನ್ನೇ. ಅವನಲ್ಲಿ ಇಬ್ಬರೂ ಗೆಳೆಯರು. ಗಂಡನ ತಲೆಗೆ ಗೆಳೆಯನ ಗಟ್ಟಿ ಮೈ ದಕ್ಕುತ್ತದೆ; ಆದರೆ ದಿನ ಕಳೆದಂತೆ ಆ ಮೈ ತಲೆಯ ಅಂಕೆಗೆ ಸಿಕ್ಕಿ ಮೆತ್ತಗಾಗುತ್ತದೆ. ಋಷಿಯ ತೀರ್ಪು, ಮಗುವನ್ನು ಕರೆದುಕೊಂಡು ಹೆಂಡತಿ ಗೆಳೆಯನನ್ನು ಹುಡುಕಿ ಹೋಗುವುದು, ಗೆಳೆಯರು ಪರಸ್ಪರ ಇರಿದುಕೊಂಡು ಸಾಯುವುದು, ಅವಳು ಚಿತೆಯೇರುವುದು, ಇಷ್ಟೂ ಮಾನ್‌ನಲ್ಲಿ ಇವೆ. 1971ರ ‘ಹಯವದನ’ದಲ್ಲಿ ದೇವದತ್ತ, ಕಪಿಲ, ಪದ್ಮಿನಿಯರ ಕಥೆ ನಡೆಯುವುದೂ ಬಹುಮಟ್ಟಿಗೆ ಇದೇ ಹಾದಿಯಲ್ಲಿ. ಈ ಋಣವನ್ನು ಮುಚ್ಚಿಟ್ಟು ಕಾರ್ನಾಡರನ್ನು ಹೊಗಳುವ ಅಗತ್ಯ ನನಗೆ ಕಾಣುವುದಿಲ್ಲ.

ಆದರೆ ನಾಟಕದ ಹೆಸರು ದೇವದತ್ತನದೂ ಅಲ್ಲ, ಪದ್ಮಿನಿಯದೂ ಅಲ್ಲ ಎಂಬುದನ್ನು ಗಮನಿಸಿ. ಮನುಷ್ಯನ ಮೈಗೆ ಕುದುರೆಯ ತಲೆ ಹೊತ್ತು, ತನ್ನನ್ನು ಪೂರ್ಣನನ್ನಾಗಿ ಮಾಡುವವರು ಯಾರಾದರೂ ಇದ್ದಾರೆಯೇ ಎಂದು ಭಾಗವತನ ಮುಂದೆ ಅಳುವ ಹಯವದನ ಬೇತಾಳ ಕಥೆಯಲ್ಲಿಲ್ಲ, ಮಾನ್‌ನಲ್ಲೂ ಇಲ್ಲ. ಕುದುರೆಯನ್ನು ಮೆಚ್ಚಿ ಮದುವೆಯಾದ ಕರ್ನಾಟಕದ ರಾಜಕುಮಾರಿಯ ಮಗನೀತ. ಕಾಳಿಯ ಗುಡಿಗೆ ಹೋಗಿ ಪೂರ್ಣತೆ ಬೇಡಿದರೆ ಆಕೆ ಮಾತು ಮುಗಿಸಲೂ ಬಿಡದೆ ಅವನನ್ನು ಪೂರ್ತಿ ಕುದುರೆಯಾಗಿಸುತ್ತಾಳೆ. ಉಳಿಯುವುದು ಮನುಷ್ಯನ ದನಿಯೊಂದೇ. ಪದ್ಮಿನಿಯ ಮಗು, ಅಲ್ಲಿಯವರೆಗೆ ನಗುವುದನ್ನೇ ಅರಿಯದ ಮಗು, ಅವನನ್ನು ನೋಡಿ ನಕ್ಕಾಗ ಆ ದನಿಯೂ ಹೋಗಿ ಹೇಷಾರವ ಹೊರಡುತ್ತದೆ. ತಲೆಯೇ ಮೈಯನ್ನು ಆಳುತ್ತದೆ ಎಂಬ ರಾಜನ ತೀರ್ಪನ್ನು ಮಾನ್ ವ್ಯಂಗ್ಯದಿಂದಲಾದರೂ ಒಪ್ಪಿಕೊಂಡು ಮುಂದುವರಿದ. ಕಾರ್ನಾಡರು ಅದೇ ಪ್ರಶ್ನೆಯನ್ನು ಒಂದು ಪ್ರಾಣಿಯ ಕೊರಳಿಗೆ ಕಟ್ಟಿ ನಗೆಯಾಡಿದರು. ಇದರ ಜೊತೆಗೆ ಗಣೇಶನ ಪೂಜೆಯಿಂದ ಆರಂಭವಾಗುವ ಆಟ, ಭಾಗವತ, ತೆರೆ, ಮುಖವಾಡ, ಆಕಳಿಸುವ ಕಾಳಿ, ಮಾತಾಡುವ ಬೊಂಬೆಗಳು ಸೇರಿದವು. ತಲೆ ಬದಲಾಗುವುದನ್ನು ಗದ್ಯದಲ್ಲಿ ನಂಬಿಸಲು ಮಾನ್‌ಗೆ ಪುಟಗಟ್ಟಲೆ ಬೇಕಾಯಿತು. ರಂಗದ ಮೇಲೆ ಎರಡು ಮುಖವಾಡಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಯಕ್ಷಗಾನ, ಬಯಲಾಟಗಳನ್ನು ನೋಡಿ ಬೆಳೆದ ಪ್ರೇಕ್ಷಕ ಅದಕ್ಕೆ ವಿವರಣೆಯನ್ನೇ ಕೇಳುವುದಿಲ್ಲ.

ಪರೀಕ್ಷೆಯ ಉತ್ತರದಲ್ಲಿ ಕಥಾಸಾರಕ್ಕಿಂತ ಈ ಮುಖವಾಡದ ಮಾತಿಗೆ ಹೆಚ್ಚು ಜಾಗ ಕೊಡಿ.

ಪ್ರಶ್ನೆ: ‘ಯಯಾತಿ’ ಮತ್ತು ‘ಅಗ್ನಿ ಮತ್ತು ಮಳೆ’ ಎರಡೂ ಮಹಾಭಾರತದವು. ಮೂಲವನ್ನು ಬಲ್ಲವರಿಗೆ ಇವುಗಳಲ್ಲಿ ಹೊಸದೇನಿದೆ?
(ನಿವೃತ್ತ ಶಿಕ್ಷಕರು, ಶಿರಸಿ)

ಉತ್ತರ: ತಾವು ಮೂಲವನ್ನು ಬಲ್ಲವರಾದ್ದರಿಂದ ಒಂದು ಕೆಲಸ ಮಾಡಿ: ನಾಟಕದ ಪಾತ್ರಪಟ್ಟಿಯನ್ನು ಮುಂದಿಟ್ಟುಕೊಂಡು, ವ್ಯಾಸರಲ್ಲಿ ಇಲ್ಲದ ಹೆಸರುಗಳಿಗೆ ಗುರುತು ಹಾಕಿ. ಗುರುತು ಬೀಳುವುದು ಬಹುತೇಕ ಹೆಂಗಸರ ಹೆಸರುಗಳಿಗೆ.

1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ‘ಯಯಾತಿ’ಯನ್ನು ಪ್ರಕಟಿಸಿದಾಗ ಕಾರ್ನಾಡರಿಗೆ ಇಪ್ಪತ್ಮೂರು ವರ್ಷ. ಆದಿಪರ್ವದಲ್ಲಿ ಪೂರು ತಂದೆ ಯಯಾತಿಯ ಮುಪ್ಪನ್ನು ಹೊತ್ತು ಸತ್ಪುತ್ರನೆನಿಸಿಕೊಳ್ಳುತ್ತಾನೆ, ರಾಜ್ಯವನ್ನೂ ಪಡೆಯುತ್ತಾನೆ. ಹೀಗೆ ಒಂದೇ ರಾತ್ರಿಯಲ್ಲಿ ಮುದುಕನಾದವನಿಗೆ ಹೆಂಡತಿಯೊಬ್ಬಳು ಇದ್ದಿದ್ದರೆ ಏನಾಗುತ್ತಿತ್ತು ಎಂಬುದು ಕಾರ್ನಾಡರ ಪ್ರಶ್ನೆ. ಚಿತ್ರಲೇಖೆ ಹುಟ್ಟಿದ್ದು ಅದರಿಂದ. ನನ್ನ ಗಂಡನ ಯೌವನ ಈಗ ನಿಮ್ಮಲ್ಲಿದೆ, ಆದ್ದರಿಂದ ನನ್ನನ್ನೂ ಸ್ವೀಕರಿಸಿ ಎಂದು ಅವಳು ಮಾವನಿಗೇ ಸವಾಲೆಸೆಯುತ್ತಾಳೆ. ಯಯಾತಿ ತತ್ತರಿಸುತ್ತಾನೆ, ಅವಳು ವಿಷ ಕುಡಿದು ಸಾಯುತ್ತಾಳೆ. ಸಾವಿರ ವರ್ಷ ಸುಖಪಟ್ಟ ಮೇಲೆ ಯಯಾತಿಗೆ ವೈರಾಗ್ಯ ಬಂತೆಂಬ ಮೂಲದ ಸಮಾಧಾನಕ್ಕೆ ಇಲ್ಲಿ ಎಡೆಯೇ ಇಲ್ಲ; ಅವನನ್ನು ಎಚ್ಚರಿಸುವುದು ಕಣ್ಣೆದುರಿನ ಒಂದು ಹೆಣ. ಸಂಭಾಷಣೆ ಅಲ್ಲಲ್ಲಿ ಜಡವಾಗಿದೆ, ಮೊದಲ ನಾಟಕದ ಸೊಕ್ಕೂ ಕಾಣುತ್ತದೆ. ಆದರೂ ಚಿತ್ರಲೇಖೆಯ ಆ ದೃಶ್ಯ ಇಂದಿಗೂ ಸಪ್ಪೆಯಾಗಿಲ್ಲ.

‘ಅಗ್ನಿ ಮತ್ತು ಮಳೆ’ ಪ್ರಕಟವಾದದ್ದು 1995ರಲ್ಲಿ. ವನಪರ್ವದ ಯವಕ್ರೀತನ ಉಪಾಖ್ಯಾನದಲ್ಲಿ ಪರಾವಸುವಿನ ಹೆಂಡತಿಗೆ ಹೆಸರೂ ಇಲ್ಲ, ಅವಳು ರೈಭ್ಯನ ಸೊಸೆ ಮಾತ್ರ. ನಾಟಕದಲ್ಲಿ ಅವಳು ವಿಶಾಖೆ, ಯವಕ್ರಿಯನ್ನು ಹಿಂದೊಮ್ಮೆ ಪ್ರೀತಿಸಿದ್ದವಳು. ಬೇಡರ ಹುಡುಗಿ ನಿತ್ತಿಲೆಯಂತೂ ಪೂರ್ತಿಯಾಗಿ ಕಾರ್ನಾಡರ ಸೃಷ್ಟಿ. ಮೂಲದಲ್ಲಿ ಪರಾವಸುವಿನ ಸೋದರ ಅರ್ವಾವಸುವಿನ ಕೋರಿಕೆಯಂತೆ ದೇವತೆಗಳು ಸತ್ತವರನ್ನೆಲ್ಲ ಎಬ್ಬಿಸುತ್ತಾರೆ. ನಾಟಕದ ಅರ್ವಸುವಿಗೂ ತಾನು ಪ್ರೀತಿಸಿದ, ಈಗ ಸತ್ತ ನಿತ್ತಿಲೆಯನ್ನು ಬದುಕಿಸಿಕೊಳ್ಳುವ ಅವಕಾಶ ಎದುರಿಗಿದೆ. ಆದರೆ ಕಾಲಚಕ್ರ ಹಿಂದಕ್ಕೆ ತಿರುಗಿದರೆ ನಡೆದದ್ದೆಲ್ಲ ಮತ್ತೆ ನಡೆಯುತ್ತದೆ. ಅವನು, ಯವಕ್ರಿಯನ್ನು ಕೊಲ್ಲಲು ರೈಭ್ಯ ಕರೆಸಿದ್ದ ಬ್ರಹ್ಮರಾಕ್ಷಸನ ಬಿಡುಗಡೆಯನ್ನು ಬೇಡುತ್ತಾನೆ. ಮಳೆ ಬರುತ್ತದೆ, ನಿತ್ತಿಲೆ ಏಳುವುದಿಲ್ಲ. ಮೂಲವನ್ನು ಬಲ್ಲ ತಮ್ಮಂಥವರಿಗೇ ಈ ಅಂತ್ಯ ಹೆಚ್ಚು ನಾಟುತ್ತದೆಂದು ನನ್ನ ಎಣಿಕೆ, ಏಕೆಂದರೆ ತಾವು ಎಲ್ಲರೂ ಏಳುವುದನ್ನು ನಿರೀಕ್ಷಿಸುತ್ತ ಕುಳಿತಿರುತ್ತೀರಿ.

ಪ್ರಶ್ನೆ: ಕನ್ನಡದ ಇಷ್ಟೊಂದು ಕಾದಂಬರಿಗಳನ್ನು ಮೆಚ್ಚಿದ್ದ ಕಾರ್ನಾಡರು ಒಂದನ್ನಾದರೂ ನಾಟಕವಾಗಿಸಲಿಲ್ಲವೇಕೆ?
(ಓದುಗರು, ಬಳ್ಳಾರಿ)

ಉತ್ತರ: ಕಾದಂಬರಿಗಳನ್ನು ಅವರು ಸಿನಿಮಾಕ್ಕೆ ಮೀಸಲಿಟ್ಟರು. ‘ಸಂಸ್ಕಾರ’ಕ್ಕೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ವಹಿಸಿದರು, ಬಿ.ವಿ. ಕಾರಂತರೊಂದಿಗೆ ‘ವಂಶವೃಕ್ಷ’ವನ್ನೂ, ಒಬ್ಬರೇ 1973ರಲ್ಲಿ ‘ಕಾಡು’ ಚಿತ್ರವನ್ನೂ 1999ರಲ್ಲಿ ‘ಕಾನೂರು ಹೆಗ್ಗಡಿತಿ’ಯನ್ನೂ ನಿರ್ದೇಶಿಸಿದರು. ರಂಗಕ್ಕೆ ಅವರು ತಂದದ್ದು ಪುರಾಣ, ಇತಿಹಾಸ, ಜನಪದ ಕಥೆ. ಮನೆ, ಊಟ, ಹೊಲ, ಜಾತಿಗಳ ವಿವರಗಳಿಂದ ತುಂಬಿದ ಕಾದಂಬರಿಗೆ ಕ್ಯಾಮೆರಾ ಒಗ್ಗುತ್ತದೆ. ವಿವರವೇ ಇಲ್ಲದ ಜನಪದ ಕಥೆಗೆ ಬರಿಯ ರಂಗ ಸಾಕು ಎಂಬ ವಿವೇಕ ಇದರ ಹಿಂದಿದ್ದಂತೆ ನನಗೆ ತೋರುತ್ತದೆ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಕಥೆಗಳನ್ನು ಹೆಣೆದ ‘ನಾಗಮಂಡಲ’ದಲ್ಲಿ ಕಥೆಯೇ ಹೆಣ್ಣಾಗಿ, ಸೀರೆಯುಟ್ಟು ಗುಡಿಗೆ ಬರುತ್ತಾಳೆ, ದೀಪದ ಜ್ವಾಲೆಗಳು ಹರಟೆ ಹೊಡೆಯುತ್ತವೆ. ಇದನ್ನು ಚಿತ್ರೀಕರಿಸಬಹುದು, ಆದರೆ ರಂಗದಲ್ಲಿ ಸಿಗುವ ಸಲಿಗೆ ಅಲ್ಲಿ ಸಿಗದು. ಕಾದಂಬರಿಯನ್ನು ರಂಗಕ್ಕೆ ತರುವ ಸಾಹಸವನ್ನು ನೋಡಬೇಕೆಂದರೆ, ಕೆ.ವೈ. ನಾರಾಯಣಸ್ವಾಮಿಯವರು ರಂಗರೂಪ ಕೊಟ್ಟು ಸಿ. ಬಸವಲಿಂಗಯ್ಯನವರು ನಿರ್ದೇಶಿಸಿದ ‘ಮಲೆಗಳಲ್ಲಿ ಮದುಮಗಳು’ ಇದೆ. ಅದಕ್ಕೆ ಒಂದು ಇಡೀ ರಾತ್ರಿಯೇ ಬೇಕಾಯಿತು.

ಪ್ರಶ್ನೆ: ಯಾವ ಮೂಲವೂ ಇಲ್ಲದೆ ಕಾರ್ನಾಡರು ಕಲ್ಪಿಸಿ ಬರೆದ ನಾಟಕ ಯಾವುದಾದರೂ ಇದೆಯೇ?
(ಹವ್ಯಾಸಿ ನಟ, ತುಮಕೂರು)

ಉತ್ತರ: ಇದೆ, ‘ಒಡಕಲು ಬಿಂಬ’. ಅದರ ವಸ್ತುವೇ ಸಾಹಿತ್ಯದ ಕಳವು ಎಂಬುದು ಸೋಜಿಗ. ಕನ್ನಡದಲ್ಲಿ ಕಥೆ ಬರೆಯುತ್ತಿದ್ದ ಮಂಜುಳಾ ನಾಯಕ್ ಇಂಗ್ಲಿಷಿನಲ್ಲೊಂದು ಕಾದಂಬರಿ ಪ್ರಕಟಿಸಿ ಜಗತ್ಪ್ರಸಿದ್ಧಳಾಗುತ್ತಾಳೆ. ದೂರದರ್ಶನದ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಎದ್ದಾಗ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ಪ್ರಶ್ನಿಸಲು ತೊಡಗುತ್ತದೆ. ಗಾಲಿಕುರ್ಚಿಯಲ್ಲೇ ಬದುಕಿ ತೀರಿಕೊಂಡ ತಂಗಿ ಮಾಲಿನಿಯ ಬರಹ ಅದೆಂಬುದು ಮೆಲ್ಲಮೆಲ್ಲನೆ ಹೊರಬೀಳುತ್ತದೆ. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಅರುಂಧತಿ ನಾಗ್ ಈ ಪಾತ್ರ ಮಾಡಿದ್ದರು. ಒಬ್ಬರೇ ನಟಿ, ಎದುರಿಗೆ ಮೊದಲೇ ಮುದ್ರಿಸಿಟ್ಟ ಅವರದೇ ಮುಖ. ಬಿಂಬ ಕಾಯುವುದಿಲ್ಲ, ಆದ್ದರಿಂದ ನಟಿ ಒಂದು ಉಸಿರು ತಡಮಾಡಿದರೂ ಮಾತು ತಪ್ಪುತ್ತದೆ. ಮಂಜುಳೆಯ ಪಾತ್ರಕ್ಕೆ ನಿಮ್ಮ ತಂಡದಲ್ಲಿ ಒಳ್ಳೆಯ ನಟಿಯಿದ್ದರೆ ಪ್ರಯತ್ನಿಸಿ. ತಾಲೀಮಿಗೆ ಮಾತ್ರ ಧಾರಾಳವಾಗಿ ಸಮಯ ಇಟ್ಟುಕೊಳ್ಳಿ.

ಪ್ರಶ್ನೆ: ‘ಹಯವದನ’ವನ್ನು ಸ್ವಲ್ಪ ಬದಲಿಸಿ ನಮ್ಮ ಸಂಘದಿಂದ ಟಿಕೆಟ್ ಇಟ್ಟು ಆಡಿದರೆ ಅನುಮತಿ ಬೇಕೇ? ಕಥೆ ಹಳೆಯದಲ್ಲವೇ?
(ಕಾರ್ಯದರ್ಶಿ, ಸಾಗರ)

ಉತ್ತರ: ಕಥೆ ಹಳೆಯದು, ನಾಟಕ ಹಳೆಯದಲ್ಲ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಹಕ್ಕುಸ್ವಾಮ್ಯವಿರುತ್ತದೆ. ಕಾರ್ನಾಡರು ನಿಧನರಾದದ್ದು 2019ರ ಜೂನ್ 10ರಂದು. ಎಂದರೆ 2079ರ ಕೊನೆಯವರೆಗೂ ಹಕ್ಕುದಾರರ ಅನುಮತಿ ಬೇಕು, ಮಾತುಗಳನ್ನು ಬದಲಿಸುವುದಕ್ಕಂತೂ ಬೇಕೇ ಬೇಕು. ಬೇತಾಳನ ಕಥೆ ಯಾರ ಸ್ವತ್ತೂ ಅಲ್ಲ. 1955ರಲ್ಲಿ ತೀರಿಕೊಂಡ ಮಾನ್‌ನ ಮೂಲ ಜರ್ಮನ್ ಕೃತಿಯ ಹಕ್ಕೂ ಇಲ್ಲಿ ಮುಗಿದಿದೆ; ಅದರ ಅನುವಾದಗಳಿಗೆ ಬೇರೆಯ ಹಕ್ಕಿರಬಹುದು. ಅವೆರಡರಿಂದ ನೀವೇ ಹೊಸ ನಾಟಕ ಬರೆಯುವುದಾದರೆ ಯಾರೂ ಅಡ್ಡಿ ಮಾಡುವಂತಿಲ್ಲ. ಆದರೆ ಅದರೊಳಗೆ ಕುದುರೆಯ ಮುಖದವನೊಬ್ಬ ಪೂರ್ಣತೆ ಬೇಡುತ್ತ ಬಂದರೆ, ಪತ್ರ ಬರೆದು ಒಪ್ಪಿಗೆ ಪಡೆದೇ ಮುಂದುವರಿಯಿರಿ.